ಬೆಕ್ಕಿನ ಕೊರಳಲ್ಲಿ ಕೀಟನಾಶಕ

ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳ ಅಂಗಡಿಗಳಲ್ಲಿ ಚಿಗಟ ನಿವಾರಕ ಕೊರಳಪಟ್ಟಿ ಇಂದು ಗೆಜ್ಜೆ, ಆಟಿಕೆಗಳ ಮಗ್ಗುಲಲ್ಲಿಯೇ ತೂಗುತ್ತಿದೆ. ಅದು ಆಭರಣವಲ್ಲ, ತಿಂಗಳುಗಟ್ಟಲೆ ವಿಷವನ್ನು ಸ್ವಲ್ಪಸ್ವಲ್ಪವಾಗಿ ಹೊರಬಿಡುವಂತೆ ರೂಪಿಸಿದ ಸಾಧನ. ತೋಟಕ್ಕೆ ತಂದ ಕೀಟನಾಶಕದ ಡಬ್ಬಿಯ ಮೇಲಿನ ಬಣ್ಣದ ತ್ರಿಕೋನವನ್ನು ಕಂಡು ಅದನ್ನು ಮಕ್ಕಳಿಗೆ ಎಟುಕದಂತೆ ಮೇಲಿಡುವ ನಾವು, ಮಕ್ಕಳೊಡನೆಯೇ ಚಾಪೆಯಲ್ಲಿ ಮಲಗುವ ಬೆಕ್ಕಿಗೆ ಒಳಗೇನಿದೆಯೆಂದು ಓದದೆಯೇ ಈ ಪಟ್ಟಿಯನ್ನು ಕಟ್ಟುತ್ತೇವೆ.

ನಾಯಿಗೆ ಆಗುವುದು ಬೆಕ್ಕಿಗೇಕೆ ಆಗದು ಎಂಬ ವಾದವೇ ಎಲ್ಲಕ್ಕಿಂತ ಅಪಾಯಕಾರಿ. ನಾಯಿಯ ಔಷಧಗಳಲ್ಲಿ ಬಳಕೆಯಾಗುವ ಪರ್ಮೆಥ್ರಿನ್ ಬೆಕ್ಕಿಗೆ ಮಾರಕ. ಅದನ್ನು ಒಡೆದು ಹೊರಹಾಕುವ ಗ್ಲುಕ್ಯುರೊನೈಡೇಶನ್ ಎಂಬ ಕ್ರಿಯೆ ಬೆಕ್ಕಿನ ಯಕೃತ್ತಿನಲ್ಲಿ ತೀರ ದುರ್ಬಲ. ಮೇಲಾಗಿ ಬೆಕ್ಕು ದಿನವಿಡೀ ಮೈ ನೆಕ್ಕುವ ಪ್ರಾಣಿ. ರೋಮಕ್ಕೆ ಅಂಟಿದ್ದೆಲ್ಲ ಹೊಟ್ಟೆ ಸೇರುತ್ತದೆ. ಜೊಲ್ಲು ಸುರಿಯುವುದು, ಮೈ ಅದುರುವುದು, ಸೆಳವು, ಬಳಿಕ ಸಾವು. ನಾಯಿಯ ಅಮಿಟ್ರಾಜ್ ಪಟ್ಟಿಯೂ ಬೆಕ್ಕಿಗೆ ಸಲ್ಲದು. ದನದ ಉಣುಗಿಗೆಂದು ತಂದ ಔಷಧದಲ್ಲಿ ಮಿಕ್ಕಿದ್ದನ್ನು ಬೆಕ್ಕಿಗೆ ಸವರುವುದಂತೂ ಶುದ್ಧ ಅವಿವೇಕ.

'ಇಷ್ಟು ಸಣ್ಣ ಪಟ್ಟಿಯಿಂದ ಏನಾದೀತು?' ಎಂದು ಕೇಳುವವರಿದ್ದಾರೆ. ಕರಾವಳಿಗೆ ಈ ಮಾತು ಹೊಸದಲ್ಲ. ನಾಯಿಗೂ ಕೋಳಿಗೂ ಉದುರಿಸುತ್ತಿದ್ದ ಬಿ.ಎಚ್.ಸಿ. ಪುಡಿ 1997ರಲ್ಲಿಯೂ ಕಾರ್ಬರಿಲ್ 2018ರಲ್ಲಿಯೂ ನಿಷೇಧಕ್ಕೊಳಗಾದವು. ಗೇರುತೋಟಗಳ ಮೇಲೆ ಸುರಿದ ಎಂಡೋಸಲ್ಫಾನ್‌ನ್ನು ಸುಪ್ರೀಂ ಕೋರ್ಟ್ 2011ರ ಮೇ ತಿಂಗಳಲ್ಲಿ ತಡೆಯುವ ಹೊತ್ತಿಗೆ ಕಾಸರಗೋಡು, ಕೊಕ್ಕಡಗಳ ಮನೆಗಳು ಬೆಲೆ ತೆತ್ತಾಗಿತ್ತು. ಪ್ರೊಪಾಕ್ಸರ್ ಇರುವ ಕೊರಳಪಟ್ಟಿಗಳನ್ನು ಮಕ್ಕಳಿಗೆ ಅಪಾಯವೆಂಬ ಕಾರಣಕ್ಕೆ ಮಾರುಕಟ್ಟೆಯಿಂದ ಹಿಂತೆಗೆಯಲು ಅಮೆರಿಕದ ಪರಿಸರ ಸಂಸ್ಥೆಯೊಡನೆ ತಯಾರಕರು 2014ರಲ್ಲಿ ಒಪ್ಪಿಕೊಂಡರು. ಇಂಗ್ಲೆಂಡಿನ 20 ನದಿಗಳ ನೀರನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಾಕುಪ್ರಾಣಿಗಳ ಚಿಗಟಕ್ಕೆ ಬಳಸುವ ಫಿಪ್ರೊನಿಲ್ ಹೆಚ್ಚುಕಡಿಮೆ ಎಲ್ಲ ಮಾದರಿಗಳಲ್ಲಿಯೂ ಸಿಕ್ಕಿತು. ಕಾರ್ಕಳದ ಘಟ್ಟದ ಬುಡದಿಂದ ಹರಿದು ಬರುವ ಸ್ವರ್ಣೆಯನ್ನೇ ಬಜೆಯಲ್ಲಿ ತಡೆದು ಉಡುಪಿ, ಮಣಿಪಾಲಗಳು ಕುಡಿಯುತ್ತಿವೆ. ಆ ನೀರಿನಲ್ಲಿ ಈ ವಿಷಗಳನ್ನು ಹುಡುಕುವ ಕೆಲಸವನ್ನು ವಿದ್ಯಾರ್ಥಿಗಳು ಕೈಗೆತ್ತಿಕೊಳ್ಳಲಿ.

ನಮ್ಮ ಚಳವಳಿಯ ಗೆಳೆಯರಿಗೂ ಒಂದು ಮಾತು ಹೇಳಲೇಬೇಕು, ಅವರಿಗೆ ರುಚಿಸದಿದ್ದರೂ. 'ಗಿಡಮೂಲಿಕೆ' ಎಂದು ಬರೆದ ಮಾತ್ರಕ್ಕೆ ವಸ್ತು ನಿರಪಾಯವಾಗದು. ಹಲವು ಸುಗಂಧ ತೈಲಗಳು ಇದೇ ಬೆಕ್ಕಿನ ಯಕೃತ್ತನ್ನು ಕೆಡಿಸಬಲ್ಲವು. ಟೀ ಟ್ರೀ ಎಣ್ಣೆ ಅದಕ್ಕೆ ನೇರ ವಿಷ.

ಚಿಗಟದ ಸಂಸಾರವಿರುವುದು ಬೆಕ್ಕಿನ ಮೈಮೇಲಲ್ಲ. ಮೊಟ್ಟೆ, ಮರಿಹುಳು, ಕೋಶಗಳೆಲ್ಲ ಇರುವುದು ಅಟ್ಟದ ಧೂಳಿನಲ್ಲಿ, ಗೋಣಿಚೀಲದಲ್ಲಿ, ಸೌದೆಕೊಟ್ಟಿಗೆಯ ಮೂಲೆಯಲ್ಲಿ. ಕೋಶದೊಳಗಿನ ಚಿಗಟ ತಿಂಗಳುಗಟ್ಟಲೆ ಕಾದು ಕುಳಿತೀತು. ಆದುದರಿಂದ ಬೆಕ್ಕು ಮಲಗುವ ಬಟ್ಟೆಯನ್ನು ವಾರಕ್ಕೊಮ್ಮೆ ಬಚ್ಚಲೊಲೆಯ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕುವುದು, ಮೂಲೆ ಗುಡಿಸಿದ ಕಸವನ್ನು ಸುಡುವುದು, ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಚಿ ಸಿಕ್ಕಿದ ಚಿಗಟವನ್ನು ಸಾಬೂನು ನೀರಿಗೆ ಹಾಕುವುದು ಮೊದಲ ಕೆಲಸ. ಇಲಿ ಹಿಡಿಯುವ ಬೆಕ್ಕು ಇಲಿಜ್ವರದ ಈ ಜಿಲ್ಲೆಯಲ್ಲಿ ಅಷ್ಟು ಶ್ರಮಕ್ಕೆ ಅರ್ಹವಾದ ಪ್ರಾಣಿಯೇ.

ಆಗಲೂ ಪಟ್ಟಿ ಬೇಕೆನಿಸಿದರೆ ಪಶುವೈದ್ಯರನ್ನು ಕೇಳಿ ಬೆಕ್ಕಿಗೆಂದೇ ತಯಾರಾದುದನ್ನು, ಅದರ ವಯಸ್ಸು, ತೂಕ ನೋಡಿ ತರಬೇಕು. ವಿಷದ ಹೆಸರು ಬರೆಯದ ಪಟ್ಟಿಯನ್ನು ಅಂಗಡಿಯವನಿಗೇ ಹಿಂದಿರುಗಿಸಿ. ಕೊರಳಿಗೂ ಪಟ್ಟಿಗೂ ನಡುವೆ ಎರಡು ಬೆರಳು ತೂರುವಷ್ಟು ಜಾಗವಿರಲಿ. ಮರದ ಕೊಂಬೆಗೆ ಸಿಕ್ಕಿಕೊಂಡರೆ ತಾನಾಗಿ ಕಳಚುವಂತಿರಲಿ. ಬೆಕ್ಕು ಅದುರತೊಡಗಿದರೆ ಕೂಡಲೇ ಪಟ್ಟಿ ಬಿಚ್ಚಿ, ಸಾಧ್ಯವಾದರೆ ಉಗುರುಬೆಚ್ಚಗಿನ ನೀರಿನಲ್ಲಿ ಪಾತ್ರೆ ತೊಳೆಯುವ ಸೋಪಿನಿಂದ ಮೈ ತೊಳೆದು ಒರೆಸಿ, ಪಶು ಆಸ್ಪತ್ರೆಗೆ ಒಯ್ಯಬೇಕು. ಪಟ್ಟಿಯನ್ನೂ ಅದರ ಹೊದಿಕೆಯನ್ನೂ ಜೊತೆಗೆ ಕೊಂಡುಹೋಗಿ. ಒಂದು ವಿಷಕ್ಕೆ ಕೊಡುವ ಮದ್ದು ಇನ್ನೊಂದಕ್ಕೆ ಸಲ್ಲುವುದಿಲ್ಲ.