ರೀಸ್ಟಾರ್ಟ್ ಮಾಡುವ ಮುಂಚೆ

ವೇಲ್ಸ್‌ನ ಅಬರ್‌ಹೋಸಾನ್ ಎಂಬ ಹಳ್ಳಿಯಲ್ಲಿ ಒಂದೂವರೆ ವರ್ಷ ಕಾಲ ದಿನಾ ಬೆಳಿಗ್ಗೆ ಏಳಕ್ಕೆ ಬ್ರಾಡ್‌ಬ್ಯಾಂಡ್ ಕೈಕೊಡುತ್ತಿತ್ತು. ಎಂಜಿನಿಯರುಗಳು ಬಂದು ಪರೀಕ್ಷಿಸಿದರೆ ಎಲ್ಲವೂ ಸರಿ. ಕೇಬಲ್ ಬದಲಿಸಿದರೂ ಅದೇ ಪಾಡು. ಕೊನೆಗೆ ಓಪನ್‌ರೀಚ್ ಕಂಪನಿಯ ತಂಡ ಬೆಳಗಿನ ಆರಕ್ಕೇ ಸುರಿಯುವ ಮಳೆಯಲ್ಲಿ ಸ್ಪೆಕ್ಟ್ರಮ್ ಅನಲೈಸರ್ ಹಿಡಿದು ಊರು ಸುತ್ತಿತು. ಏಳು ಹೊಡೆಯುತ್ತಿದ್ದಂತೆ ಒಂದು ಮನೆಯಿಂದ ಭಾರೀ ವಿದ್ಯುತ್ ಗದ್ದಲ ಎದ್ದಿತು. ಮನೆಯವರು ಆಗಷ್ಟೇ ತಮ್ಮ ಹಳೆಯ ಟಿ.ವಿ. ಹಾಕಿದ್ದರು! 2020ರ ಸೆಪ್ಟೆಂಬರ್‌ನಲ್ಲಿ ಸುದ್ದಿ ಹೊರಬಿದ್ದಾಗ ಜಗತ್ತು ನಕ್ಕಿತು. ತಂಡದ ಕೈಹಿಡಿದದ್ದು ಗಡಿಯಾರ. ತೊಂದರೆ ಬರುವ ಹೊತ್ತಿಗೆ ಅವರು ಅಲ್ಲಿದ್ದರು.

ಬೆಂಗಳೂರಿನಲ್ಲೋ ಶಿವಮೊಗ್ಗದಲ್ಲೋ ಇಂಥದೇ ದೂರು ಕೊಟ್ಟವರಿಗೆ ಕಸ್ಟಮರ್ ಕೇರ್‌ನ ಮೊದಲ ಮಾತು ಬಾಯಿಪಾಠವಾಗಿರುತ್ತದೆ: ‘ಒಂದ್ಸಲ ರೂಟರ್ ಆಫ್ ಮಾಡಿ ಆನ್ ಮಾಡಿ ಸಾರ್.’ ಬಹಳ ಸಲ ಅದರಿಂದ ಸರಿಯೂ ಹೋಗುತ್ತದೆ. ‘ಈಗ ಬರ್ತಿದೆಯಲ್ಲ’ ಎಂದು ದೂರು ಕ್ಲೋಸ್. ಸಂಜೆ ಬ್ಯಾಂಕಿನ ಪುಟ ಮತ್ತೆ ಅರ್ಧಕ್ಕೆ ನಿಲ್ಲುತ್ತದೆ. ಅನೇಕ ಮನೆ ರೂಟರುಗಳ ಲಾಗ್ ಕರೆಂಟ್ ಇರುವವರೆಗೆ ಮಾತ್ರ. ಆಫ್ ಮಾಡಿದೊಡನೆ ಏನಾಯಿತೆಂಬ ಗುರುತೂ ಅಳಿಸಿಹೋಗುತ್ತದೆ. ಕಳ್ಳತನವಾದ ಮನೆಯನ್ನು ಪೊಲೀಸರು ಬರುವ ಮೊದಲೇ ಗುಡಿಸಿ ಸಾರಿಸಿಟ್ಟ ಹಾಗೆ.

ರೀಸ್ಟಾರ್ಟ್ ಬೇಡವೆಂದಲ್ಲ, ಅದಕ್ಕೆ ಮುಂಚೆ ಎರಡು ನಿಮಿಷ ತಡೆಯಬೇಕು. ಸೈಟ್ ತೆರೆಯದಾಗ ಬ್ರೌಸರ್ ಕಾರಣವನ್ನೂ ಬರೆದು ತೋರಿಸುತ್ತದೆ, ಓದುವವರು ಕಡಿಮೆ. ಕ್ರೋಮ್‌ನ ಆ ಬರಹದಲ್ಲಿ ‘ಡಿಎನ್‌ಎಸ್’ ಎಂದಿದ್ದರೆ ಸೈಟಿನ ಹೆಸರಿಗೆ ಐಪಿ ವಿಳಾಸ ಹುಡುಕುವ ಹಂತದಲ್ಲೇ ತೊಡಕಾಗಿದೆ. ಪಾಲ್ ಮೊಕಪೆಟ್ರಿಸ್ 1983ರಲ್ಲಿ ರೂಪಿಸಿದ ಈ ವ್ಯವಸ್ಥೆಯಲ್ಲಿ ಒಮ್ಮೆ ಸಿಕ್ಕ ವಿಳಾಸವನ್ನು ಕಂಪ್ಯೂಟರ್ ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತದೆ. ಹಾಗಾಗಿ ಇಂಟರ್‌ನೆಟ್ ಕಂಪನಿಯ ಡಿಎನ್‌ಎಸ್ ಸರ್ವರ್ ರಾತ್ರಿ ರಷ್‌ನಲ್ಲಿ ತಡವರಿಸಿದರೂ ಈಗಷ್ಟೇ ನೋಡಿದ ಸೈಟ್ ತೆರೆಯುತ್ತದೆ, ವಾಟ್ಸ್‌ಆ್ಯಪ್ ನಡೆಯುತ್ತಲೇ ಇರುತ್ತದೆ, ಹೊಸ ಸೈಟ್ ಮಾತ್ರ ಜಪ್ಪಯ್ಯ ಅಂದರೂ ಬರುವುದಿಲ್ಲ. ಡಿಎನ್‌ಎಸ್ ಅನ್ನು ಗೂಗಲ್‌ನ 8.8.8.8 ಅಥವಾ ಕ್ಲೌಡ್‌ಫ್ಲೇರ್‌ನ 1.1.1.1ಕ್ಕೆ ಬದಲಿಸಿ ನೋಡಿದರೆ ಅನುಮಾನ ಬೇಗ ಬಗೆಹರಿಯುತ್ತದೆ.

ಡೇಟಾ ತುಂಡುತುಂಡಾಗಿ ಸಾಗುವ ಪ್ಯಾಕೆಟ್‌ಗಳ ಗಾತ್ರದ ತೊಡಕು ಇನ್ನೂ ಕಿರಿಕಿರಿಯದು. ಈಥರ್ನೆಟ್‌ನಲ್ಲಿ ಒಂದು ಪ್ಯಾಕೆಟ್ ಸಾಮಾನ್ಯವಾಗಿ 1500 ಬೈಟ್‌ವರೆಗೆ ಇರಬಹುದು. ರೂಟರ್‌ಗೆ ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ ಪಡೆಯುವ ಪಿಪಿಪಿಓಇ ಸಂಪರ್ಕದಲ್ಲಿ 8 ಬೈಟ್ ಹೆಡರ್‌ಗೆ ಹೋಗಿ 1492 ಉಳಿಯುತ್ತದೆ. ದೊಡ್ಡ ಪ್ಯಾಕೆಟ್ ದಾಟದಿದ್ದರೆ ‘ಚಿಕ್ಕದು ಮಾಡಿ ಕಳಿಸು’ ಎಂಬ ಸಂದೇಶ ವಾಪಸ್ ಹೋಗಬೇಕು. ದಾರಿಯಲ್ಲಿನ ಯಾವುದೋ ಫೈರ್‌ವಾಲ್ ಆ ಸಂದೇಶವನ್ನೇ ನುಂಗಿಬಿಟ್ಟರೆ, ಕೆಲವು ಸೈಟುಗಳು ಚಕ್ಕನೆ ಬರುತ್ತವೆ, ಕೆಲವು ಸುತ್ತುತ್ತಲೇ ಇರುತ್ತವೆ. 2000ದಲ್ಲಿ ಪ್ರಕಟವಾದ ಇಂಟರ್‌ನೆಟ್ ತಾಂತ್ರಿಕ ದಾಖಲೆ ಆರ್‌ಎಫ್‌ಸಿ 2923 ಈ ಕಾಯಿಲೆಯನ್ನು ಲಕ್ಷಣ ಸಮೇತ ಬರೆದಿಟ್ಟಿದೆ. ಮನೆಗೆ ಬರುವ ಟೆಕ್ನಿಷಿಯನ್ ಮಾತ್ರ ಸ್ಪೀಡ್ ಟೆಸ್ಟ್ ಮಾಡಿ, ‘ಹಂಡ್ರೆಡ್ ಎಂಬಿಪಿಎಸ್ ಬರ್ತಿದೆ ನೋಡಿ’ ಎಂದು ಬೈಕ್ ಹತ್ತುತ್ತಾನೆ.

ಕೆಲವೊಮ್ಮೆ ತಪ್ಪು ಮನೆಯೊಳಗೇ ಇರುತ್ತದೆ. ಹಳೆಯ ಡೆಸ್ಕ್‌ಟಾಪ್‌ನ ಮದರ್‌ಬೋರ್ಡ್ ಮೇಲಿನ ಬಿಲ್ಲೆಯಂಥ ಸಿಆರ್2032 ಸೆಲ್ ಮುಗಿದಿದ್ದರೆ, ಕರೆಂಟ್ ಹೋಗಿ ಬಂದಾಗ ಕಂಪ್ಯೂಟರಿನ ತಾರೀಕು ವರ್ಷಗಟ್ಟಲೆ ಹಿಂದಕ್ಕೆ ಓಡುತ್ತದೆ. ಸೈಟುಗಳ ಭದ್ರತಾ ಸರ್ಟಿಫಿಕೇಟ್ ಆ ತಾರೀಕಿಗೆ ಇನ್ನೂ ಹುಟ್ಟಿಯೇ ಇರುವುದಿಲ್ಲ. ಬ್ರೌಸರ್ ಒಳಗೆ ಬಿಡುವುದಿಲ್ಲ. ತಾರೀಕು ಮತ್ತೆ ಸರಿಹೋದ ಮೇಲೆ ಎಲ್ಲವೂ ಸುಸೂತ್ರ. ಅಂಗಡಿಯಲ್ಲಿ ಹತ್ತಾರು ರೂಪಾಯಿಗೆ ಸಿಗುವ ಸೆಲ್ ಇದು. ಮೈಕ್ರೋವೇವ್ ಓವನ್ ಇರುವ ಮನೆಯವರು ಇನ್ನೊಂದನ್ನು ಗಮನಿಸಬಹುದು: ಅದು ದುಡಿಯುವುದೂ 2.4 ಗಿಗಾಹರ್ಟ್ಸ್‌ನ ವೈಫೈ ಇರುವ ತರಂಗಪಟ್ಟಿಯಲ್ಲೇ, ಹಾಗಾಗಿ ಆ ಹೊತ್ತಿಗೆ ವೈಫೈ ತಡವರಿಸಬಹುದು.

ಇನ್ನು ಕೆಲವು ಸಲ ಮನೆಯವರದೂ ಅಲ್ಲ, ಇಂಟರ್‌ನೆಟ್ ಕಂಪನಿಯದೂ ಅಲ್ಲ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ ಸುಮಾರು ಆರು ತಾಸು ಮಲಗಿದ್ದು ಆ ಮೂರನ್ನೂ ನಡೆಸುವ ಕಂಪನಿಯ ಒಳಗಿನದೇ ಎಡವಟ್ಟಿನಿಂದ. ಅಂದು ರೂಟರ್ ಎಷ್ಟು ಸಲ ಆಫ್ ಮಾಡಿದ್ದರೂ ಅಷ್ಟೇ. ಮೊಬೈಲ್ ಡೇಟಾದಲ್ಲಿ ಅದೇ ಸೈಟ್ ತೆರೆದು ನೋಡಿದರೆ ಇದು ತಕ್ಷಣ ತಿಳಿಯುತ್ತದೆ.

ಗ್ರಾಹಕ ಇಷ್ಟೆಲ್ಲ ಪತ್ತೇದಾರಿ ಮಾಡಬೇಕೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ತಿಂಗಳ ಬಿಲ್ ಕಟ್ಟುವವರು ಹೊತ್ತು, ಸೈಟಿನ ಹೆಸರು, ತೆರೆಯ ಮೇಲಿನ ಬರಹದ ಫೋಟೋ, ಇಷ್ಟು ಕೊಟ್ಟರೆ ಸಾಕು. ಉಳಿದದ್ದು ಕಂಪನಿಯ ಹೊಣೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2024ರ ಆಗಸ್ಟ್‌ನಲ್ಲಿ ಹೊರಡಿಸಿದ ಗುಣಮಟ್ಟದ ನಿಯಮಗಳಲ್ಲಿ ವಿಳಂಬ, ಪ್ಯಾಕೆಟ್ ನಷ್ಟಗಳಿಗೆ ಮಿತಿ ಹಾಕಿದೆ, ಒಳ್ಳೆಯದೇ. ಆದರೆ ಅದು ಇಡೀ ಜಾಲದ ಲೆಕ್ಕ. ದಿನಾ ಸಂಜೆ ಹತ್ತು ನಿಮಿಷ ಒದ್ದಾಡುವ ಒಂದು ಮನೆ ಅದರಲ್ಲಿ ಕಾಣುವುದಿಲ್ಲ. ಬಂದು ಹೋಗುವ ತೊಂದರೆಯ ದೂರನ್ನು ‘ಈಗ ಸರಿಯಿದೆ’ ಎಂದು ಮುಚ್ಚದೆ, ಕನಿಷ್ಠ ಒಂದು ವಾರ ತೆರೆದಿಡಬೇಕೆಂಬ ನಿಯಮ ಬರಬೇಕು. ಫೈಬರ್ ಸಂಪರ್ಕವಾದರೆ ಆ ಮನೆಯ ಪೆಟ್ಟಿಗೆ ಎಷ್ಟು ಹೊತ್ತಿಗೆ ಜಾಲದಿಂದ ಕಳಚಿತು, ಬೆಳಕಿನ ಸಿಗ್ನಲ್ ಎಷ್ಟು ಇಳಿದಿದೆ ಎಂಬುದನ್ನು ಕಂಪನಿಯ ಎಂಜಿನಿಯರ್ ಕೂತಲ್ಲಿಂದಲೇ ನೋಡಬಲ್ಲ. ದೂರಿನಲ್ಲಿ ಸಂಜೆ 7.40 ಎಂದಿದ್ದರೆ ಎಲ್ಲಿ ನೋಡಬೇಕೆಂಬುದೂ ಅವನಿಗೆ ಗೊತ್ತಾಗುತ್ತದೆ.