ಬೋರ್‌ವೆಲ್ ಬತ್ತಿತು ಅನ್ನುವ ಮೊದಲು ಪೂಲಿನ ಪಂಪ್‌ಮನೆ ನೋಡಿ

ಕಳೆದ ಬೇಸಿಗೆಯಲ್ಲಿ ಸಕಲೇಶಪುರ ಕಡೆಯ ಒಂದು ಊರಿಂದ ಫೋನ್ ಬಂತು. "ಹೋಂಸ್ಟೇನೋರು ಊರ ನೀರೆಲ್ಲಾ ಎಳ್ಕೊತಾವ್ರೆ, ಬಂದು ಬರೀರಿ ಸಾರ್" ಅಂದರು. ಬೈಕ್ ಹತ್ತಿ ಹೋದೆ. ತಲೆಯಲ್ಲಿ ಸುದ್ದಿಯ ಹೆಡ್ಡಿಂಗ್ ಆಗಲೇ ರೆಡಿ ಇತ್ತು, ಸುಳ್ಳು ಯಾಕೆ ಹೇಳಲಿ.

ಕಾಫಿ ತೋಟದ ನಡುವೆ ಮನೆ, ಅಂಗಳದಲ್ಲಿ 25 ಅಡಿ ಉದ್ದ 12 ಅಡಿ ಅಗಲದ ಸ್ವಿಮ್ಮಿಂಗ್ ಪೂಲ್. ಮಾಲೀಕರು ಇರುವುದು ಬೆಂಗಳೂರಲ್ಲಿ. ನೋಡಿಕೊಳ್ಳುವ ಹುಡುಗ ಅದೇ ಊರಿನವನು. ಊರವರ ಬೈಗುಳ, ಮಾಲೀಕರ ಬೈಗುಳ ಎರಡೂ ಬೀಳುತ್ತಿದ್ದದ್ದು ಅವನ ಮೇಲೆಯೇ. "ದಿನಾ ಒಂದಿಂಚು ಇಳೀತದೆ ಅಣ್ಣ. ಬಿಸಿಲಿಗೆ ಆರ್ತದೆ ಬಿಡು, ಮೋಟಾರ್ ಹಾಕು ಅಂತಾರೆ. ಹಾಕ್ತೀನಿ" ಅಂದ.

ಒಂದಿಂಚು ಅಂದರೆ ಎಷ್ಟು? 300 ಚದರ ಅಡಿಯ ಪೂಲಿನಲ್ಲಿ ಒಂದಿಂಚು ಎಂದರೆ 25 ಘನ ಅಡಿ ನೀರು, ಸುಮಾರು 700 ಲೀಟರ್. ಜಲಜೀವನ್ ಮಿಷನ್ ಲೆಕ್ಕದಲ್ಲಿ ಹಳ್ಳಿಯ ಒಬ್ಬ ಮನುಷ್ಯನಿಗೆ ದಿನಕ್ಕೆ 55 ಲೀಟರ್. ಹನ್ನೆರಡು ಜನರ ನೀರು ದಿನಾ ಎಲ್ಲಿಗೋ ಹೋಗುತ್ತಿತ್ತು. ಬಿಸಿಲಿಗೆ ನೀರು ಆರುವುದು ನಿಜ. ಆದರೆ ಬೇಸಿಗೆಯಲ್ಲೂ ಅದು ದಿನಕ್ಕೆ ಕಾಲಿಂಚಿನ ಆಸುಪಾಸು. ಉಳಿದ ಮುಕ್ಕಾಲು ಇಂಚು ಎಲ್ಲಿ?

ಇದನ್ನು ತಿಳಿಯಲು ಬೇಕಾದದ್ದು ಒಂದು ಬಕೆಟ್. ಪೂಲಿನ ಮೆಟ್ಟಿಲ ಮೇಲೆ ಬಕೆಟ್ ಇಟ್ಟು, ಅಲುಗಾಡದಂತೆ ಒಳಗೆ ಕಲ್ಲು ಹಾಕಿ, ಹೊರಗಿನ ನೀರಿನ ಮಟ್ಟಕ್ಕೇ ಒಳಗೂ ನೀರು ತುಂಬಿ, ಎರಡೂ ಕಡೆ ಗುರುತು ಹಾಕಬೇಕು. ಒಂದು ದಿನ ಯಾರೂ ಇಳಿಯಬಾರದು, ಹೊಸ ನೀರು ಬಿಡಬಾರದು, ಮಳೆ ಇರಬಾರದು. ಬಿಸಿಲು ಎರಡಕ್ಕೂ ಒಂದೇ. ಹೊರಗಿನ ನೀರು ಜಾಸ್ತಿ ಇಳಿದಿದ್ದರೆ ಸೋರಿಕೆ ಖಂಡಿತ. ಒಂದು ದಿನ ಪಂಪ್ ಎಂದಿನಂತೆ ಓಡಿಸಿ, ಇನ್ನೊಂದು ದಿನ ಪೂರ್ತಿ ನಿಲ್ಲಿಸಿ ನೋಡಬೇಕು. ಪಂಪ್ ಓಡಿದ ದಿನವೇ ಹೆಚ್ಚು ಇಳಿದರೆ ಮೊದಲು ಅನುಮಾನ ಪಡಬೇಕಾದದ್ದು ಪಂಪಿನಿಂದ ಆಚೆಗಿನ ಫಿಲ್ಟರ್, ವಾಲ್ವ್, ವಾಪಸ್ ಬರುವ ಪೈಪುಗಳನ್ನು. ಟೈಲ್ಸ್ ಒಡೆಸುವ ಮಾತು ಆಮೇಲೆ.

ಹುಡುಗ ಎರಡು ದಿನ ಮಾಡಿ ನೋಡಿ ಫೋನ್ ಮಾಡಿದ. ಪಂಪ್ ಓಡಿದ ದಿನ ಒಂದಿಂಚು, ನಿಲ್ಲಿಸಿದ ದಿನ ಬಕೆಟ್ಟಿನಷ್ಟೇ. ಮತ್ತೆ ಹೋದೆ.

ಪಂಪ್‌ಮನೆಯ ನೆಲ ಒಣಗಿತ್ತು. ಪಂಪಿನ ಮುಚ್ಚಳದೊಳಗೆ ಗಾಳಿಗುಳ್ಳೆ ಇಲ್ಲ. ಗುಳ್ಳೆ ಆಡುತ್ತಿದ್ದರೆ ಪಂಪಿಗೆ ನೀರು ಬರುವ ಕಡೆ ಎಲ್ಲೋ ಗಾಳಿ ಎಳೆಯುತ್ತಿದೆ ಎಂದರ್ಥ, ಬಹಳ ಸಲ ಮುಚ್ಚಳದ ರಬ್ಬರ್ ರಿಂಗ್ ಒಣಗಿರುತ್ತದೆ. (ಅದಕ್ಕೆ ಸಿಲಿಕೋನ್ ಗ್ರೀಸ್ ಹಚ್ಚಿ. ಮನೆಯ ವ್ಯಾಸಲೀನ್ ಹಚ್ಚಿದರೆ ರಬ್ಬರ್ ಉಬ್ಬಿ ಹಾಳಾಗುತ್ತದೆ.) ಮೋಟಾರ್ ಮತ್ತು ಪಂಪ್ ಸೇರುವ ಜಾಗದಲ್ಲೂ ಹನಿ ಇಲ್ಲ. ಅಲ್ಲಿ ತೊಟ್ಟಿಕ್ಕಿದರೆ ಒಳಗಿನ ಸೀಲ್ ಹೋಗಿದೆ, ಬಿಟ್ಟರೆ ನೀರು ಬೇರಿಂಗಿಗೆ ಇಳಿದು ಮೋಟಾರೇ ಹೋಗುತ್ತದೆ.

ಎಲ್ಲಾ ಸರಿ ಇದೆಯಲ್ಲ ಅಂದುಕೊಳ್ಳುವಾಗ, ಫಿಲ್ಟರ್ ತೊಳೆದ ನೀರು ಹೊರಹೋಗುವ ಪೈಪ್ ಎಲ್ಲಿ ಮುಗಿಯುತ್ತದೆ ಅಂತ ಕೇಳಿದೆ. ಕಾಫಿ ಗಿಡಗಳ ಹಿಂದೆ ಚರಂಡಿಗೆ. ಹೋಗಿ ನೋಡಿದರೆ ವಾಲ್ವಿನ ಹಿಡಿ 'ಫಿಲ್ಟರ್' ಮೇಲೇ ಇದೆ, ಪೈಪಿನ ಬಾಯಲ್ಲಿ ನೀರು ಹರಿಯುತ್ತಲೇ ಇದೆ. ಲೀಟರ್ ಬಾಟಲಿ ಹಿಡಿದೆವು. ಹೆಚ್ಚುಕಡಿಮೆ ಒಂದು ನಿಮಿಷಕ್ಕೆ ತುಂಬಿತು. ಪಂಪ್ ದಿನಕ್ಕೆ 8 ಗಂಟೆ ಓಡುತ್ತದೆ, ಅಂದರೆ 480 ಲೀಟರ್. ಪಂಪ್‌ಮನೆ ಪೂಲಿಗಿಂತ ಎತ್ತರದಲ್ಲಿದ್ದುದರಿಂದ ಪಂಪ್ ನಿಂತಾಗ ಸೋರಿಕೆಯೂ ನಿಲ್ಲುತ್ತಿತ್ತು. ಅದಕ್ಕೇ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಕರೆಂಟಿನ ಮೇನ್ ತೆಗೆಸಿ ಪ್ಲಂಬರ್ ವಾಲ್ವ್ ಬಿಚ್ಚಿದರು. ಒಳಗೆ ಚಕ್ರದ ಕಡ್ಡಿಗಳ ಹಾಗಿರುವ ರಬ್ಬರ್ ವಾಷರ್ ಒಂದು ಕಡೆ ಎದ್ದು ಬಂದಿತ್ತು. ಪಂಪ್ ಓಡುವಾಗಲೇ ಹಿಡಿ ತಿರುಗಿಸಿದರೆ ಹೀಗಾಗುತ್ತದೆ. "ಪಂಪ್ ನಿಲ್ಸಿ ತಿರುಗಿಸ್ಬೇಕು ಅಂತ ನಂಗೆ ಯಾರೂ ಹೇಳೇ ಇಲ್ಲ ಅಣ್ಣ" ಅಂದ ಹುಡುಗ. ಪೂಲ್ ಮಾಡಿಕೊಟ್ಟವರು ಬೀಗದ ಕೈ ಕೊಟ್ಟು ಹೋದವರು ಮತ್ತೆ ಬಂದಿಲ್ಲವಂತೆ.

ನನ್ನ ತಕರಾರು ಇಲ್ಲೇ. ಮಲೆನಾಡಿನ ಮೂಲೆಮೂಲೆಯಲ್ಲಿ ಹೋಂಸ್ಟೇ, ಅದಕ್ಕೊಂದು ಪೂಲ್. ಲಕ್ಷಗಟ್ಟಲೆ ಖರ್ಚು ಮಾಡುವವರು ಅದನ್ನು ದಿನಾ ನೋಡಿಕೊಳ್ಳುವವನಿಗೆ ಅರ್ಧ ದಿನ ಕೂತು ಕಲಿಸುವುದಿಲ್ಲ. ಒಂದು ರಬ್ಬರ್ ರಿಂಗ್ ತರಲೂ ಅವನು ಬೆಂಗಳೂರಿಗೆ ಫೋನ್ ಮಾಡಬೇಕು. ನೀರು ಇಳಿದರೆ ಬೋರ್ ಇದೆ, ಬೋರ್ ನಿಂತರೆ ಟ್ಯಾಂಕರ್ ಇದೆ. ತಾನಾಗೇ ನೀರು ತುಂಬುವ ಫ್ಲೋಟ್ ವಾಲ್ವ್ ಇರುವ ಕಡೆ ಇನ್ನೂ ಕಷ್ಟ, ಮಟ್ಟ ಇಳಿಯುವುದೇ ಕಾಣುವುದಿಲ್ಲ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಜಲಮಂಡಳಿ ಕುಡಿಯುವ ನೀರನ್ನು ಈಜುಕೊಳಕ್ಕೆ ಬಳಸಬಾರದು ಎಂದು ಆದೇಶ ಮಾಡಿ 5,000 ರೂಪಾಯಿ ದಂಡ ಇಟ್ಟಿತು. ನಗರದ ಜನ ನೀರಿನ ಬರ ಕಂಡ ಬೇಸಿಗೆ ಅದು. ನಮ್ಮ ಕಡೆ ಪೂಲ್ ಬೇಡ ಅಂತ ನಾನು ಹೇಳುತ್ತಿಲ್ಲ, ಆ ಹುಡುಗನ ಸಂಬಳವೂ ಅಲ್ಲಿಂದಲೇ ಬರುವುದು. ಆದರೆ ಪೂಲಿಗೆ ನೀರು ಬಿಡುವ ಪೈಪಿಗೆ ಒಂದು ಮೀಟರ್ ಇರಲಿ ಎಂದು ಪಂಚಾಯಿತಿ ಕೇಳಬಹುದಲ್ಲ? ಮೀಟರ್ ಓದುವುದನ್ನು ಊರವರೂ ಕಲಿಯಬಹುದು.

ಊರವರಿಗೂ ಒಂದು ಮಾತು. ಆ ದಿನ ನಾನು ಹೆಡ್ಡಿಂಗ್ ಹಾಕಿದ್ದರೆ ನಾಲ್ಕು ದಿನ ಜಗಳ ಆಗುತ್ತಿತ್ತು, ವಾಷರ್ ಅಲ್ಲೇ ಇರುತ್ತಿತ್ತು.

ಹುಡುಗ ಈಗ ಪ್ರತಿ ಸೋಮವಾರ ಬಕೆಟ್ ಇಟ್ಟು ಫೋಟೋ ಕಳಿಸುತ್ತಾನೆ. ಕಾಲಿಂಚು ದಾಟಿಲ್ಲ. ಮೀಟರ್ ಹಾಕಿಸುತ್ತೇನೆ ಅಂತ ಮಾಲೀಕರು ಹೇಳಿ ಎರಡು ತಿಂಗಳಾಯಿತು. ಇನ್ನೂ ಹಾಕಿಸಿಲ್ಲ.