ಎಲ್ಲ ಊರಿಗೆ ಒಂದು ಸಲವೋ, ಎಲ್ಲೂರಿಗೆ ಹತ್ತು ಸಲವೋ?

ಮತ್ತೆ ಜೂನ್ ಬಂದಿದೆ. ಕ್ಲಬ್ಬಿನ ಕಪಾಟಿನ ಕೀ, ಬ್ಯಾನರ್ ಕಟ್ಟು, ಅರ್ಧ ಖಾಲಿಯಾದ ಫಸ್ಟ್ ಏಡ್ ಪೆಟ್ಟಿಗೆ ಎಲ್ಲವನ್ನೂ ಹೊಸ ತಂಡಕ್ಕೆ ಒಪ್ಪಿಸಿ ನಾವು ಹೊರಡುವ ಹೊತ್ತು. ಅದಕ್ಕೆ ಮೊದಲು ವಾರ್ಷಿಕ ವರದಿ ಬರೆದುಕೊಡಬೇಕು. ಅದರ ಫಾರ್ಮ್ಯಾಟ್ ನಿಮಗೆ ಗೊತ್ತೇ ಉಂಟು. ಕಾರ್ಯಕ್ರಮದ ಹೆಸರು, ದಿನಾಂಕ, ಸ್ಥಳ, ಭಾಗವಹಿಸಿದವರ ಸಂಖ್ಯೆ, ಫಲಾನುಭವಿಗಳ ಸಂಖ್ಯೆ, ಜೊತೆಗೆ ಎರಡು ಫೋಟೊ. ಒಂದು ವರ್ಷ ಸಮುದಾಯ ಸೇವೆಯ ಕ್ಲಬ್ ನಡೆಸಿದ ಮೇಲೆ ನಮಗೆ ಅನ್ನಿಸುವುದು, ಆ ಫಾರ್ಮಿನಲ್ಲಿ ಒಂದು ಕಾಲಂ ಕಡಿಮೆ ಉಂಟು. ಇದೇ ಜಾಗಕ್ಕೆ, ಇದೇ ಕೆಲಸಕ್ಕೆ ಎರಡನೇ ಸಲ ಹೋದದ್ದು ಯಾವಾಗ?

ಈ ಕಾಲಂ ಸೇರಿಸಿದರೆ ಮಣಿಪಾಲ, ನಿಟ್ಟೆ, ಬಂಟಕಲ್ಲು ಅಂತಲ್ಲ, ಎಲ್ಲಿಯ ಕ್ಲಬ್ಬಿನ ವರದಿಯಾದರೂ ಅರ್ಧಕ್ಕರ್ಧ ತೆಳ್ಳಗಾದೀತು. ಯಾರೂ ಸೋಮಾರಿಗಳಲ್ಲ. ಆದರೆ ನಮ್ಮ ವ್ಯವಸ್ಥೆ ಕಾರ್ಯಕ್ರಮವನ್ನು ಲೆಕ್ಕ ಹಾಕುತ್ತದೆ, ಕೆಲಸವನ್ನು ಲೆಕ್ಕ ಹಾಕುವುದಿಲ್ಲ. ಕಾರ್ಯಕ್ರಮ ಒಂದೇ ದಿನಕ್ಕೆ ಮುಗಿಯುತ್ತದೆ. ಕೆಲಸ ಶುರುವಾಗುವುದು ಹೆಚ್ಚಾಗಿ ಮರುದಿನ.

ಹಾಗಾಗಿ ಈ ವರ್ಷದ ಮೊದಲ ಮೀಟಿಂಗಿನಲ್ಲೇ ನಾವೊಂದು ತೀರ್ಮಾನ ಮಾಡಿದೆವು. ಎಲ್ಲ ಊರಿಗೂ ಒಂದೊಂದು ಸಲ ಹೋಗುವ ಬದಲು ಎಲ್ಲೂರಿಗೇ ಮತ್ತೆ ಮತ್ತೆ ಹೋಗುವ. ಕಾಪು ತಾಲೂಕಿನ ಎಲ್ಲೂರು ಗೊತ್ತಲ್ಲ? ಭಕ್ತರಿಗೆ ಅದು ವಿಶ್ವೇಶ್ವರನ ಊರು. ಹೈವೇಯಲ್ಲಿ ಹೋಗುವವರಿಗೆ ದೂರದಿಂದ ಕಾಣುವ ಚಿಮಣಿಯ ಊರು. ನಮ್ಮ ಇಲೆಕ್ಟ್ರಿಕಲ್ ವಿಭಾಗದವರಿಗೆ 600 ಮೆಗಾವ್ಯಾಟಿನ ಎರಡು ಘಟಕ ಇರುವ ಉಷ್ಣ ವಿದ್ಯುತ್ ಸ್ಥಾವರದ ಊರು. ಬಸ್ಸಿನಲ್ಲಿ ಹೋಗಿ, ಹೆಲ್ಮೆಟ್ ಹಾಕಿ, ಟರ್ಬೈನ್ ನೋಡಿ, ಊಟ ಮಾಡಿ ವಾಪಸ್ ಬರುವ ಇಂಡಸ್ಟ್ರಿಯಲ್ ವಿಸಿಟ್‌ನಲ್ಲಿ ಗೇಟಿನ ಹೊರಗೂ ಒಂದು ಊರುಂಟು ಎಂಬುದು ಸಿಲೆಬಸ್ಸಿನಲ್ಲಿ ಬರುವುದಿಲ್ಲ.

ಮೊದಲು ಕ್ಯಾಲೆಂಡರಿನ ಮಾತು. ನಮಗೆ ವರ್ಷಕ್ಕೆ ಎರಡು ಸೆಮ್. ಕರಾವಳಿಯ ಗದ್ದೆಗೆ ಮೂರು: ಏಣಿಲು, ಸುಗ್ಗಿ, ಕೊಳಕೆ. ಮೂರೂ ಬೆಳೆ ತೆಗೆಯುವ ಗದ್ದೆಗಳು ಈಗ ಕಡಿಮೆ, ಆದರೂ ಊರಿನ ವರ್ಷ ಮಳೆಯ ಲೆಕ್ಕದಲ್ಲೇ ತಿರುಗುತ್ತದೆ. ಸೇವೆಯ ಕ್ಲಬ್ಬುಗಳ ವರ್ಷ ತಿರುಗುವುದು ದಿನಾಚರಣೆಗಳ ಲೆಕ್ಕದಲ್ಲಿ. ಜುಲೈಯಲ್ಲಿ ವನಮಹೋತ್ಸವ, ಸೆಪ್ಟೆಂಬರ್ 24ಕ್ಕೆ ಎನ್ನೆಸ್ಸೆಸ್ ದಿನ, ಅಕ್ಟೋಬರ್ 2ಕ್ಕೆ ಸ್ವಚ್ಛತೆ. ನವೆಂಬರ್ ಆದ ಮೇಲೆ ಇಂಟರ್ನಲ್ಸ್, ಲ್ಯಾಬ್, ಫೆಸ್ಟ್, ಪ್ಲೇಸ್‌ಮೆಂಟ್. ಊರಿಗೆ ನಿಜವಾಗಿ ಕೈ ಬೇಕಾಗುವ ದಿನಗಳು ಬರುವುದೇ ಆಮೇಲೆ.

ಗಿಡವನ್ನೇ ತಗೊಳ್ಳಿ. ಜುಲೈಯ ಮಳೆಯಲ್ಲಿ ಗುಂಡಿ ತೋಡಿ ಗಿಡ ಇಡುವುದು ದೊಡ್ಡ ಕೆಲಸವಲ್ಲ. ಆ ಮಳೆಗೆ ಕೋಲು ಊರಿದರೂ ಚಿಗುರುತ್ತದೆ ಅಂತ ಹಿರಿಯರು ತಮಾಷೆ ಮಾಡುವುದುಂಟು. ಮಳೆ ನಿಂತ ಮೇಲೆ ನಮ್ಮ ಮುರಕಲ್ಲಿನ ನೆಲ ನೀರು ಹಿಡಿದಿಟ್ಟುಕೊಳ್ಳುವುದಿಲ್ಲ. ಡಿಸೆಂಬರಿನಿಂದ ಮೇ ತನಕ, ಅಂದರೆ ಸುಮಾರು ಆರು ತಿಂಗಳು, ಎಳೆ ಗಿಡಕ್ಕೆ ಯಾರಾದರೂ ನೀರು ಹೊತ್ತು ಹಾಕಬೇಕು. ಬುಡಕ್ಕೆ ತರಗೆಲೆ, ತೆಂಗಿನ ಸಿಪ್ಪೆ ಮುಚ್ಚಬೇಕು, ದನ ಬಾಯಿ ಹಾಕದ ಹಾಗೆ ನೋಡಿಕೊಳ್ಳಬೇಕು. ಆದ್ದರಿಂದ ಈ ಸಲ ನಾವು "ಸಾವಿರ ಗಿಡ" ಎಂಬ ಬ್ಯಾನರ್ ಮಾಡಲಿಲ್ಲ. ಎಷ್ಟು ಮನೆಯವರು "ನೀರು ನಾವು ಹಾಕ್ತೇವೆ, ನೀವು ಮಾರ್ಚಿನಲ್ಲಿ ಬಂದು ನೋಡಿ" ಅಂದರೋ ಅಷ್ಟೇ ಗಿಡ ಕೊಟ್ಟೆವು. ಮಾರ್ಚಿನಲ್ಲಿ ಹೋಗಿ ನೋಡಿಯೂ ಬಂದೆವು. ವನಮಹೋತ್ಸವದ ಫೋಟೊವನ್ನು ಜುಲೈ ಬದಲು ಮಾರ್ಚಿನಲ್ಲಿ ತೆಗೆಯಬೇಕು ಅಂತ ಯಾವುದಾದರೂ ಕಾಲೇಜು ನಿಯಮ ಮಾಡಿದರೆ ಸಾಕು, ಉಳಿದದ್ದು ತಾನಾಗಿ ಸರಿಹೋಗುತ್ತದೆ.

ರಕ್ತದಾನದ್ದೂ ಇದೇ ಕತೆ. ಒಂದೇ ದಿನ ಆಡಿಟೋರಿಯಂ ತುಂಬ ಮಂಚ ಹಾಕಿ ದಾಖಲೆಯ ಯುನಿಟ್ ಸಂಗ್ರಹಿಸುವುದು ನಮಗೆಲ್ಲ ಖುಷಿ. ಆದರೆ ಕೆಂಪು ರಕ್ತಕಣಗಳನ್ನು ಫ್ರಿಜ್ಜಿನಲ್ಲಿ ಇಡಬಹುದಾದ್ದು 35ರಿಂದ 42 ದಿನ. ಪ್ಲೇಟ್‌ಲೆಟ್ ಆದರೆ ಬರೀ 5 ದಿನ. ಒಮ್ಮೆ ಕೊಟ್ಟವರು ಗಂಡಸರಾದರೆ 3 ತಿಂಗಳು, ಹೆಂಗಸರಾದರೆ 4 ತಿಂಗಳು ಮತ್ತೆ ಕೊಡುವ ಹಾಗಿಲ್ಲ. ಇಡೀ ಕಾಲೇಜು ಒಂದೇ ದಿನ ಕೊಟ್ಟರೆ ಮುಂದಿನ 3 ತಿಂಗಳು ಇಡೀ ಕಾಲೇಜು ಒಟ್ಟಿಗೇ ರಜೆ! ಕಾಲೇಜುಗಳಿಗೆ ರಜೆ ಸಿಕ್ಕಿ ಕ್ಯಾಂಪುಗಳು ನಿಲ್ಲುವ ಬೇಸಿಗೆಯಲ್ಲಿ ಆಸ್ಪತ್ರೆಗಳಿಗೆ ರಜೆ ಇರುವುದಿಲ್ಲ. ಇನ್ವೆಂಟರಿ ಮ್ಯಾನೇಜ್‌ಮೆಂಟ್ ಓದಿದ ಯಾರಿಗಾದರೂ ಇದು ಗೊತ್ತಾಗಬೇಕಲ್ವಾ? ನಾವು ದಾನಿಗಳ ಪಟ್ಟಿಯನ್ನು ನಾಲ್ಕು ಭಾಗ ಮಾಡಿದೆವು. ಉಡುಪಿ, ಕಾಪು, ಕಾರ್ಕಳದ ಕಡೆಯ, ರಜೆಯಲ್ಲೂ ಮನೆಯಲ್ಲೇ ಇರುವವರ ಹೆಸರನ್ನು ಏಪ್ರಿಲ್-ಮೇ ತಿಂಗಳಿಗೆ ಅಂತಲೇ ಬೇರೆ ಇಟ್ಟೆವು. ಅಜ್ಜರಕಾಡಿನ ಜಿಲ್ಲಾಸ್ಪತ್ರೆಯಿಂದಲೋ ಮಣಿಪಾಲದಿಂದಲೋ ಫೋನ್ ಬಂದರೆ ಒಬ್ಬೊಬ್ಬರೇ ಹೋಗಿ ಕೊಟ್ಟು ಬರುವವರು ಅವರು. ಒಬ್ಬರೇ ಹೋಗಿ ಕೊಟ್ಟದ್ದಕ್ಕೆ ಬ್ಯಾನರೂ ಇಲ್ಲ, ಗ್ರೂಪ್ ಫೋಟೊವೂ ಇಲ್ಲ. ವರದಿಯಲ್ಲಿ ಅದನ್ನು ಯಾವ ಹೆಸರಿನಲ್ಲಿ ಬರೆಯುವುದು ಎಂಬುದೇ ನಮಗೆ ದೊಡ್ಡ ಪ್ರಶ್ನೆ.

ಇನ್ನು ಶನಿವಾರದ ಲೆಕ್ಕದ ಕ್ಲಾಸು. ಇದು ಕನ್ನಡ ಸಂಘದ ಪತ್ರಿಕೆಯಾದ್ದರಿಂದ ಸ್ವಲ್ಪ ನಿಧಾನವಾಗಿ ಹೇಳಬೇಕು. ಎಂಜಿನಿಯರಿಂಗ್ ಮಕ್ಕಳು ಕನ್ನಡ ಶಾಲೆಗೆ ಹೋಗಿ ಲೆಕ್ಕ ಹೇಳಿಕೊಡುವುದು ಅಂದರೆ ಸುಲಭ ಅಂತ ಎಲ್ಲರೂ ಅಂದುಕೊಳ್ತಾರೆ. ಹೋಗಿ ಬೋರ್ಡಿನ ಮುಂದೆ ನಿಂತಾಗ ಗೊತ್ತಾಗುತ್ತದೆ, ಇಂಟಿಗ್ರೇಷನ್ ಬರುತ್ತದೆ, ಆದರೆ ನ್ಯೂಮರೇಟರಿಗೆ ಕನ್ನಡದಲ್ಲಿ ಎಂತ ಹೇಳುವುದು? ಏಳನೇ ಕ್ಲಾಸಿನ ಹುಡುಗಿ "ಅಕ್ಕ, ಅದು ಅಂಶ. ಕೆಳಗಿನದ್ದು ಛೇದ" ಅಂತ ಹೇಳಿಕೊಟ್ಟಳು. ಲ.ಸಾ.ಅ., ಮ.ಸಾ.ಅ., ತ್ರಿಜ್ಯ, ಪರಿಧಿ ಎಲ್ಲ ನಮ್ಮ ಸ್ವಯಂಸೇವಕರು ಕಲಿತದ್ದು ಮಕ್ಕಳಿಂದಲೇ. ತರಗತಿಯಲ್ಲಿ ಮನೆಮಾತು ತುಳು ಆದ ಮಕ್ಕಳಿದ್ದರು. ಕೆಲಸಕ್ಕೆಂದು ಬಾಗಲಕೋಟೆ, ಕೊಪ್ಪಳದ ಕಡೆಯಿಂದ ಬಂದ ಕುಟುಂಬಗಳ ಮಕ್ಕಳೂ ಇದ್ದರು. ಹುಬ್ಬಳ್ಳಿಯ ನಮ್ಮ ಒಬ್ಬ ಗೆಳೆಯ ಅವರ ಹತ್ತಿರ ಅವರ ಮನೆಯ ಕನ್ನಡದಲ್ಲಿ ಮಾತಾಡಿದ ಮೇಲೆ, ಅದುವರೆಗೆ ಹಿಂದಿನ ಬೆಂಚಿನಲ್ಲಿ ಬಾಯಿ ಬಿಡದೆ ಕೂತಿದ್ದ ಹುಡುಗ ಬೋರ್ಡಿನ ತನಕ ಬಂದ. ಕನ್ನಡ ರಾಜ್ಯೋತ್ಸವಕ್ಕೆ ನಾವು ಏನೆಲ್ಲ ಮಾಡ್ತೇವೆ. ಕನ್ನಡದಲ್ಲಿ ಭಿನ್ನರಾಶಿ ಹೇಳಿಕೊಡಲು ಬರುವ ಹತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ತಯಾರು ಮಾಡುವುದೂ ರಾಜ್ಯೋತ್ಸವವೇ ಅಂತ ನಮ್ಮ ಅಭಿಪ್ರಾಯ.

ಆ ಮಕ್ಕಳು ಮೊದಲ ದಿನ ಕೇಳಿದ ಪ್ರಶ್ನೆ "ಮುಂದಿನ ವಾರ ಬರ್ತೀರಾ?" ಅಂತ. ಅವರಿಗೆ ಕಾಲೇಜಿನವರನ್ನು ಕಂಡು ಅಭ್ಯಾಸ ಉಂಟು. ಒಂದು ದಿನ ಬರ್ತಾರೆ, ಪೆನ್ಸಿಲ್ ಬಾಕ್ಸ್ ಕೊಡ್ತಾರೆ, ಫೋಟೊ ತೆಗೀತಾರೆ, ಹೋಗ್ತಾರೆ. ಪೆನ್ಸಿಲ್ ಬಾಕ್ಸ್ ಬೇಡ ಅಂತಲ್ಲ. ಲೆಕ್ಕ ಅರ್ಥವಾಗಲಿಕ್ಕೆ ನಾಲ್ಕನೇ ವಾರವಾದರೂ ಬೇಕು.

ನಾವು ಬಿಟ್ಟುಹೋಗುತ್ತಿರುವ ಕೆಲಸಗಳಲ್ಲಿ ನಮಗೆ ಅತಿ ಮುಖ್ಯ ಅನ್ನಿಸುವುದು ಒಂದು ನೋಟ್‌ಪುಸ್ತಕ. ಎಲ್ಲೂರಿನ ಸುತ್ತಮುತ್ತಲ ಜನ ಸ್ಥಾವರದ ಬೂದಿಯ ಬಗ್ಗೆ, ಬಾವಿಗೆ ಉಪ್ಪು ಸೇರುವ ಬಗ್ಗೆ, ಬೆಳೆ ಹಾಳಾಗುವ ಬಗ್ಗೆ ವರ್ಷಗಟ್ಟಲೆ ದೂರಿದ್ದಾರೆ. ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಗಿ, 2022ರಲ್ಲಿ ಸುಮಾರು 52 ಕೋಟಿ ರೂಪಾಯಿ ಪರಿಸರ ಪರಿಹಾರ ಕಟ್ಟುವಂತೆ ಆದೇಶವೂ ಬಂತು. ಇಷ್ಟು ದೊಡ್ಡ ವಿಷಯದಲ್ಲಿ ಕಾಲೇಜಿನ ಒಂದು ಕ್ಲಬ್ ಘೋಷಣೆ ಕೂಗಿ ಮಾಡುವಂಥದ್ದು ಹೆಚ್ಚೇನೂ ಇಲ್ಲ. ಆದರೆ ನಮಗೆ ಅಳೆಯಲಿಕ್ಕೆ ಬರುತ್ತದೆ. ಮನೆಯವರು ಒಪ್ಪಿದ ಕೆಲವು ಬಾವಿಗಳಲ್ಲಿ ತಿಂಗಳಿಗೊಮ್ಮೆ, ಬೆಳಿಗ್ಗೆ ಪಂಪ್ ಹಾಕುವ ಮೊದಲು, ಕಟ್ಟೆಯಿಂದ ನೀರಿನ ತನಕ ಎಷ್ಟು ಅಡಿ ಅಂತ ಟೇಪಿಗೆ ಕಲ್ಲು ಕಟ್ಟಿ ಅಳೆದೆವು. ಟಿಡಿಎಸ್ ಮೀಟರಿನಲ್ಲಿ ನೀರು ಪರೀಕ್ಷಿಸಿದೆವು. ಕುಡಿಯುವ ನೀರಿಗೆ ಲೀಟರಿಗೆ 500 ಮಿಲಿಗ್ರಾಂ ತನಕ ಸರಿ, ಬೇರೆ ನೀರೇ ಇಲ್ಲದಿದ್ದರೆ 2000 ತನಕ ಅಂತ ಭಾರತೀಯ ಮಾನಕ ಹೇಳುತ್ತದೆ.

ಈ ಮೀಟರ್ ನೀರಿನಲ್ಲಿ ಕರಗಿದ ಲವಣ ಎಷ್ಟು ಅಂತ ಅಂದಾಜು ಕೊಡುತ್ತದೆಯೇ ಹೊರತು ಯಾವ ಲವಣ, ಎಲ್ಲಿಂದ ಬಂತು ಅಂತ ಹೇಳುವುದಿಲ್ಲ. ಕಡಲು ಹತ್ತಿರ ಇರುವ ಊರಲ್ಲಿ ಬೇಸಿಗೆಗೆ ಬಾವಿ ತಗ್ಗಿದಾಗ ಉಪ್ಪು ಏರಲಿಕ್ಕೆ ಬೇರೆ ಕಾರಣಗಳೂ ಇರಬಹುದು. ಹಾಗಾಗಿ ನಮ್ಮ ಒಂದು ವರ್ಷದ ಪಟ್ಟಿ ಹಿಡಿದುಕೊಂಡು ಯಾರ ಮೇಲೂ ಬೆರಳು ತೋರಿಸುವ ಹಾಗಿಲ್ಲ. ಲ್ಯಾಬಿನಲ್ಲಿ ಮೇಷ್ಟ್ರು ಹೇಳುವ ಹಾಗೆ, ಒಂದು ರೀಡಿಂಗ್ ರೀಡಿಂಗೇ ಅಲ್ಲ. ಇದೇ ಬಾವಿಗಳ ಐದು ವರ್ಷದ ಪಟ್ಟಿ ಇದ್ದರೆ? ಯಾವ ತಿಂಗಳು ಏರುತ್ತದೆ, ಮಳೆ ಬಂದ ಮೇಲೆ ಎಷ್ಟು ಇಳಿಯುತ್ತದೆ, ವರ್ಷದಿಂದ ವರ್ಷಕ್ಕೆ ಏನಾಗುತ್ತಿದೆ ಅಂತ ಗ್ರಾಫ್ ಬಿಡಿಸಬಹುದು. ಅದನ್ನು ಪಂಚಾಯತ್ ಆಗಲಿ, ಅಧಿಕಾರಿಗಳಾಗಲಿ, ಕಂಪೆನಿಯಾಗಲಿ ಸುಮ್ಮನೆ ಬದಿಗೆ ಇಡಲಾಗದು. ನಡುವೆ ಒಂದು ವರ್ಷ ಬಿಟ್ಟರೆ ನಮ್ಮ ಹನ್ನೆರಡು ತಿಂಗಳೂ ನೀರಿನಲ್ಲಿ ಹೋಮ ಮಾಡಿದ ಹಾಗೆ.

ನಮ್ಮ ಊರಿನವರಿಗೆ ಈ ಮಾತು ಹೊಸದಾಗಬಾರದು. ಕೈಮಗ್ಗದವರು ಕಷ್ಟಕ್ಕೆ ಬಿದ್ದ ಕಾಲದಲ್ಲಿ, 1925ರಲ್ಲಿ ಉಡುಪಿಯಲ್ಲಿ ಶುರುವಾದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ದಿನಕ್ಕೆ ಎರಡಾಣೆ. ಏಜೆಂಟರು ದಿನಾ ಮನೆ ಬಾಗಿಲಿಗೆ ಬರುತ್ತಿದ್ದರು. ಎರಡಾಣೆ ದೊಡ್ಡ ಮೊತ್ತವಲ್ಲ, ನಾಳೆಯೂ ಬರ್ತಾರೆ ಎಂಬ ನಂಬಿಕೆ ದೊಡ್ಡದು. ನಾವು ಫಿಕ್ಸೆಡ್ ಡಿಪಾಸಿಟ್ ಇಟ್ಟವರ ಗತ್ತಿನಲ್ಲಿ ವರ್ಷಕ್ಕೊಂದು ಮೆಗಾ ಕ್ಯಾಂಪ್ ಮಾಡ್ತೇವೆ. ಊರಿಗೆ ಬೇಕಾದ್ದು ಪಿಗ್ಮಿ.

ಹಾಗೆಯೇ "ದತ್ತು ಗ್ರಾಮ" ಎಂಬ ಪದದ ಬಗ್ಗೆಯೂ ನಮಗೆ ಸ್ವಲ್ಪ ತಕರಾರುಂಟು. ಊರೇನು ತಬ್ಬಲಿಯೇ? ಅಲ್ಲಿ ಪಂಚಾಯತ್ ಉಂಟು, ಭಜನಾ ಮಂಡಳಿ, ಯುವಕ ಮಂಡಲ, ಸ್ವಸಹಾಯ ಸಂಘ ಎಲ್ಲ ಉಂಟು. ನಾವು ಹುಟ್ಟುವ ಮೊದಲಿಂದಲೂ ಸೇವೆ ಮಾಡುತ್ತಾ ಬಂದವರು ಅವರು. ನಾವು ನಾಲ್ಕು ವರ್ಷಕ್ಕೆ ಬಂದ ನೆಂಟರು. ಹೋಗುವ ಮೊದಲು ಅವರನ್ನು ಕೇಳಿ ಹೋಗುವುದು ಮರ್ಯಾದೆ. ಕೇಳಿದರೆ ಉತ್ತರ ಬೇರೆಯೇ ಇರುತ್ತದೆ. "ಸ್ವಚ್ಛತೆ ನಾವು ಮಾಡ್ತೇವೆ ಮಕ್ಕಳೇ, ಈ ಪಿಂಚಣಿಯ ಆಧಾರ್ ಲಿಂಕ್ ಆಗ್ತಾ ಇಲ್ಲ, ಒಮ್ಮೆ ನೋಡಿ" ಅಂದರು ಒಬ್ಬರು ಅಜ್ಜಿ. ಕಂಪ್ಯೂಟರ್ ಸೈನ್ಸ್ ಓದಿದ್ದು ಸಾರ್ಥಕವಾಗುವ ಜಾಗ ಅದು.

ಪಾಯಿಂಟ್ಸ್ ಬಗ್ಗೆ ಹೇಳದಿದ್ದರೆ ಲೇಖನ ಪೂರ್ತಿಯಾಗದು. ಎಐಸಿಟಿಇ ನಿಯಮದ ಪ್ರಕಾರ ನಾಲ್ಕು ವರ್ಷಕ್ಕೆ 100 ಆ್ಯಕ್ಟಿವಿಟಿ ಪಾಯಿಂಟ್, ಲ್ಯಾಟರಲ್ ಎಂಟ್ರಿಯವರಿಗೆ 75. "ಪಾಯಿಂಟಿಗೋಸ್ಕರ ಬರುವವರು ಸೇವೆ ಮಾಡ್ತಾರಾ?" ಅಂತ ಮೂಗು ಮುರಿಯುವವರಿದ್ದಾರೆ. ನಾವು ಒಪ್ಪುವುದಿಲ್ಲ. ಪಾಯಿಂಟಿಗೆಂದು ಬಂದು, ಪಾಯಿಂಟ್ ಮುಗಿದ ಮೇಲೂ ಶನಿವಾರದ ಬಸ್ಸಿಗೆ ಕಾಯುತ್ತಾ ನಿಂತವರನ್ನು ನೋಡಿದ್ದೇವೆ. 1969ರಲ್ಲಿ, ಗಾಂಧೀಜಿಯ ಜನ್ಮಶತಮಾನೋತ್ಸವದ ವರ್ಷ, ಎನ್ನೆಸ್ಸೆಸ್ 37 ವಿಶ್ವವಿದ್ಯಾನಿಲಯಗಳಲ್ಲಿ ಶುರುವಾಯಿತು. ಅಲ್ಲಿಯೂ ಗಂಟೆಯ ಲೆಕ್ಕ ಉಂಟು: ವರ್ಷಕ್ಕೆ 120, ಎರಡು ವರ್ಷಕ್ಕೆ 240. ಲೆಕ್ಕ ಇಡುವುದು ತಪ್ಪಲ್ಲ. ಹತ್ತು ಕಡೆ ಹತ್ತು ಗಂಟೆಗೂ ಒಂದೇ ಕಡೆ ನೂರು ಗಂಟೆಗೂ ಒಂದೇ ಅಂಕ ಕೊಡುವುದು ಸರಿಯಲ್ಲ. ಎರಡನೆಯದಕ್ಕೆ ಹೆಚ್ಚು ಕೊಡಿ, ವಿದ್ಯಾರ್ಥಿಗಳು ತಾವಾಗಿ ಅತ್ತ ಹೋಗ್ತಾರೆ. ನಾವು ಎಂಜಿನಿಯರಿಂಗಿನವರು, ಮಾರ್ಕ್ಸ್ ಎಲ್ಲುಂಟೋ ಅಲ್ಲಿ ಓದುವವರು!

ಇನ್ನೊಂದು ಮಾತು ಬರುತ್ತದೆ: "ಒಂದೇ ಊರಿಗೆ ಹೋದರೆ ಉಳಿದ ಊರುಗಳ ಗತಿ?" ನಮ್ಮ ಜಿಲ್ಲೆಯಲ್ಲಿ ಕಾಲೇಜುಗಳಿಗೆ ಬರಗಾಲವಿಲ್ಲ. ಒಂದೊಂದು ಕಾಲೇಜು ಒಂದೊಂದು ಊರಿನ ಜೊತೆ ಹತ್ತು ವರ್ಷ ಇದ್ದರೆ ಸಾಕಲ್ವಾ?

ಹೊಸ ತಂಡದವರೇ, ನಿಮ್ಮ ಹತ್ತಿರ ಕೇಳುವುದು ಮೂರೇ. ಬೇಕಿದ್ದರೆ ಕಾರ್ಯಕ್ರಮಗಳ ಸಂಖ್ಯೆ ಅರ್ಧ ಮಾಡಿ, ಶನಿವಾರದ ಕ್ಲಾಸು ನಿಲ್ಲಿಸಬೇಡಿ. ರಕ್ತದಾನಿಗಳ ಮೇ ತಿಂಗಳ ಪಟ್ಟಿಯನ್ನು ಪ್ರತಿ ವರ್ಷ ಹೊಸತು ಮಾಡಿ. ಬಾವಿಯ ಪುಸ್ತಕ ಕಪಾಟಿನ ಮೇಲಿನ ಹಂತದಲ್ಲಿ ಉಂಟು, ನೀಲಿ ರಟ್ಟಿನದು. ಯಾವ ಬಾವಿ, ಯಾರ ಮನೆ, ನಾಯಿ ಉಂಟಾ ಇಲ್ವಾ ಎಲ್ಲ ಬರೆದಿದ್ದೇವೆ. ಜುಲೈ ತಿಂಗಳ ಸಾಲು ಖಾಲಿ ಬಿಟ್ಟಿದ್ದೇವೆ. ಮೊದಲ ಶನಿವಾರ ಬೆಳಿಗ್ಗೆ ಬೇಗ ಹೊರಡಿ, ಪಂಪ್ ಹಾಕುವ ಮೊದಲು ತಲುಪಬೇಕು.